ಹಿತ್ತಲಿನ ಆಕಳು ಮತ್ತು ನಮ್ಮ ದೇವಣಿ ತಳಿ

ಬೀದರ ನಗರದಲ್ಲಿಯೂ ಭಾಲ್ಕಿ, ಔರಾದ ಪಟ್ಟಣಗಳಲ್ಲಿಯೂ ಹಿತ್ತಲುಳ್ಳ ಗೃಹಸ್ಥರು ಇನ್ನೂ ಇದ್ದಾರೆ. ಹಿತ್ತಲಿನಲ್ಲಿ ಆಕಳುಳ್ಳವರು ಮಾತ್ರ ವಿರಳವಾಗುತ್ತಿದ್ದಾರೆ. ಹಾಲು ಚೀಲದಲ್ಲಿ ಬಾಗಿಲಿಗೇ ಬರುವಾಗ ಆಕಳೇಕೆಂದು ಕೇಳುವವರುಂಟು. ಈ ಪ್ರಶ್ನೆಯನ್ನು ಹಾಲಿನ ಲೆಕ್ಕವೊಂದರಿಂದಲೇ ಬಿಡಿಸಲಾಗದೆಂದು ನಮ್ಮ ಅಭಿಪ್ರಾಯ. ನಮ್ಮ ಸೀಮೆಗೆ ತನ್ನದೇ ಆದ ಒಂದು ತಳಿಯುಂಟು. ಅದರ ಉಳಿವಿನ ಮಾತೂ ಇದರಲ್ಲಿ ಅಡಗಿದೆ.

ದೇವಣಿ ಎಂಬ ಊರು ಇಂದು ಲಾತೂರ ಜಿಲ್ಲೆಯಲ್ಲಿದೆ. 1956ರ ನವೆಂಬರ್ 1ರಂದು ಉದಗೀರ ಮುಂಬಯಿ ರಾಜ್ಯಕ್ಕೂ ಬೀದರ ಮೈಸೂರು ರಾಜ್ಯಕ್ಕೂ ಸೇರಿದವು. ನೆಲದ ಗಡಿ ಬೇರೆಯಾಯಿತೇ ಹೊರತು ದನದ ಸಂತತಿ ಬೇರೆಯಾಗಲಿಲ್ಲ. ಮೈಯೆಲ್ಲ ಬಿಳಿದಾಗಿ ಮುಖದಲ್ಲಿ ಕಪ್ಪುಳ್ಳದ್ದು ವಾನೇರಾ, ಹೊಟ್ಟೆಯ ಕೆಳಗೆ ಕಪ್ಪುಳ್ಳದ್ದು ಬಾಲಂಕ್ಯಾ, ಮೈತುಂಬ ಕಪ್ಪು ಮಚ್ಚೆಗಳುಳ್ಳದ್ದು ಶೇವೆರಾ. ಸರಾಸರಿಯಲ್ಲಿ ಸೂಲೊಂದಕ್ಕೆ ಸುಮಾರು 870 ಕಿಲೋ ಹಾಲು. ಜಿಡ್ಡು ಶೇಕಡಾ 4ಕ್ಕೆ ಮೇಲು. ಸಂಕರ ಜಾತಿಯ ಆಕಳ ಮುಂದೆ ಇದು ಅಲ್ಪವೇ ಸರಿ. ಆದರೆ ಕರುವಿನ ಪಾಲು ಕಳೆದು ಸಣ್ಣ ಸಂಸಾರವೊಂದಕ್ಕೆ ಸಾಲುವುದು. ನಮ್ಮ ಬಿಸಿಲನ್ನೂ ಒಣ ಮೇವನ್ನೂ ಇದು ತಾಳಬಲ್ಲುದು.

ಈ ತಳಿಯ ಕೀರ್ತಿ ಹಾಲಿನಷ್ಟೇ ಎತ್ತಿನಿಂದಲೂ ಬಂದುದು. ಟ್ರ್ಯಾಕ್ಟರು ಬಂದ ಮೇಲೆ ಎತ್ತಿನ ಬೇಡಿಕೆ ಇಳಿಯಿತು. ಅದರೊಡನೆ ತಾಯಿಯ ಬೆಲೆಯೂ ಇಳಿಯಿತು. ಒಕ್ಕಲಿಗನೊಬ್ಬನೇ ಈ ಭಾರವನ್ನು ಹೊರಲೆನ್ನುವುದು ನ್ಯಾಯವಲ್ಲ. ಪಟ್ಟಣದವರೂ ಹೆಗಲು ಕೊಡಬೇಕು.

ಹಿತ್ತಲೆಂದರೆ ಹುಲ್ಲುಗಾವಲೆಂದು ಭಾವಿಸಬಾರದು. ಭೂಕಂದಾಯ ನಿಯಮಗಳು ಹಳ್ಳಿಯ ನೂರು ದನಗಳಿಗೆ 12 ಹೆಕ್ಟೇರು ಗಾಯರಾಣ ಇಡಬೇಕೆನ್ನುತ್ತವೆ. ಅಂದರೆ ತಲೆಗೆ ಹತ್ತಿರ ಹತ್ತಿರ 12 ಗುಂಟೆ. ಮೂರು ಗುಂಟೆಯ ಹಿತ್ತಲಿನಲ್ಲಿ ಆಕಳನ್ನು ಮೇಯಲು ಬಿಟ್ಟರೆ ತಿಂದುದಕ್ಕಿಂತ ತುಳಿದುದೇ ಹೆಚ್ಚಾದೀತು. ಅದೇ ಮೂರು ಗುಂಟೆಯಲ್ಲಿ ನೇಪಿಯರ್ ಹುಲ್ಲನ್ನು ನೆಟ್ಟು, ನೀರು ಗೊಬ್ಬರ ಕೊಟ್ಟು, ಕೊಯ್ದು ಹಾಕಿದರೆ ಗುಂಟೆಗೆ ವರ್ಷಕ್ಕೆ ಸುಮಾರು 2 ಟನ್ನಿನಂತೆ ದಿನಕ್ಕೆ ಹದಿನೈದು ಕಿಲೋ ಹಸಿರು ಸಿಕ್ಕೀತು. ಇದರ ಮೇಲೆ ನಾಲ್ಕೈದು ಕಿಲೋ ಜೋಳದ ಕಣಿಕೆ, ತೊಗರಿ ಕಡಲೆಗಳ ಹೊಟ್ಟು, ಹಾಲಿಗೆ ತಕ್ಕ ಹಿಂಡಿ, ಬೇಕಾದಷ್ಟು ನೀರು; ಇಷ್ಟಾದರೆ ಆಕಳು ತೃಪ್ತ. ಸಗಣಿಯು ಹುಲ್ಲಿನ ಪಾತಿಗೇ ಮರಳುವುದು.

ಒಂದು ಎಚ್ಚರಿಕೆ ಅವಶ್ಯ. ಮಳೆ ಕೈಕೊಟ್ಟಾಗ ಬಾಡಿದ ಎಳೆಯ ಜೋಳದ ಪೈರಿನಲ್ಲಿಯೂ ಕೊಯ್ದ ಕೂಳೆಯ ಚಿಗುರಿನಲ್ಲಿಯೂ ವಿಷವಿರುವುದು. ಅದನ್ನು ಹಸಿಯಾಗಿ ತಿಂದ ದನ ಗಳಿಗೆಯೊಳಗೆ ಸಾಯಬಹುದು. ಹೂವಾಡಿದ ಬಳಿಕ ಕೊಯ್ದುದೇ ಕ್ಷೇಮ. ಕಾಲುಬಾಯಿ ರೋಗದ ಲಸಿಕೆಯನ್ನು ವರ್ಷಕ್ಕೆ ಎರಡು ಸಲ ತಪ್ಪದೆ ಹಾಕಿಸಬೇಕು. 2022ರಲ್ಲಿ ಚರ್ಮಗಂಟು ರೋಗವು ದೇಶದ ದನಗಳನ್ನು ಕಾಡಿದುದನ್ನು ಮರೆಯಲಾಗದು.

ಇನ್ನು ಹೋರಿಗರುವಿನ ಪ್ರಶ್ನೆ. ಹಾಲುಂಡ ಕೃತಜ್ಞತೆಯನ್ನು ಮರೆತು ಕರುವನ್ನು ಸಂತೆಯ ಬೀದಿಗೆ ಅಟ್ಟುವುದು, ಹಾಲು ಕರೆದ ಆಕಳನ್ನು ಬಸ್ ನಿಲ್ದಾಣದ ಬಳಿ ಪ್ಲಾಸ್ಟಿಕ್ ಮೇಯಲು ಬಿಡುವುದು, ಇವು ಗೋಸೇವೆಯಲ್ಲ. ಉಳುವ ಒಕ್ಕಲಿಗನೊಡನೆ ಮೊದಲೇ ಮಾತಾಡಿಕೊಂಡು ಕರುವನ್ನು ಅವನಿಗೆ ಒಪ್ಪಿಸುವ ಏರ್ಪಾಡಿಲ್ಲದವನು ಆಕಳನ್ನು ಕಟ್ಟದಿರುವುದೇ ಲೇಸು.

ಅಧಿಕಾರಿಗಳಿಗೂ ಒಂದು ಮಾತು. ಪಶುವೈದ್ಯಕೀಯ ವಿಶ್ವವಿದ್ಯಾಲಯವು ಬೀದರದಲ್ಲಿಯೇ ಇದೆ. ದೇವಣಿಯ ಸಂಶೋಧನಾ ಕೇಂದ್ರವು ಭಾಲ್ಕಿ ತಾಲೂಕಿನ ಕಟ್ಟಿತೂಗಾಂವದಲ್ಲಿದೆ. ಅಲ್ಲಿಯ ವಿದ್ಯೆಯೂ ಶುದ್ಧ ಬೀಜದ ಹೋರಿಗಳ ಪ್ರಯೋಜನವೂ ಗೃಹಸ್ಥನ ಹಿತ್ತಲಿಗೆ ಮುಟ್ಟಬೇಕು; ಗಾಯರಾಣಗಳು ಅನ್ಯಾಕ್ರಾಂತವಾಗದೆ ಉಳಿಯಬೇಕು. ತಳಿಯೊಂದು ನಶಿಸಿದರೆ ಯಾವ ಖಜಾನೆಯ ಹಣದಿಂದಲೂ ಅದನ್ನು ಮರಳಿ ಪಡೆಯಲಾಗದು. ಸ್ಥಳವೂ ಮನಸ್ಸೂ ಉಳ್ಳ ವಾಚಕರು ಒಂದೊಂದು ದೇವಣಿಯನ್ನಾದರೂ ಕಟ್ಟಬೇಕೆಂದು ನಮ್ಮ ವಿನಂತಿ.