ಕಾಡನ್ನು ತೋರಿಸುವವರು: ಬಿಳಿಗಿರಿಯ ಸೋಲಿಗರು

ಬರುವ ಮಳೆಗಾಲ ಕಳೆದ ಮೇಲೆ, ಅಡಿಕೆ ಸುಗ್ಗಿಗೆ ಮುಂಚೆ, ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿಬರೋಣವೆಂದು ನಮ್ಮ ಸಂಘದ ಕೆಲವು ಸದಸ್ಯರು ಸೂಚಿಸಿದ್ದಾರೆ. ಕಾಫಿ ತೋಟ ನೋಡುವುದಿದ್ದರೆ ಚಿಕ್ಕಮಗಳೂರು ಸಮೀಪವಿದೆಯಲ್ಲ, ಚಾಮರಾಜನಗರದ ತನಕ ಏತಕ್ಕೆ ಎಂದು ಹಾನಗಲ್ಲ ಕಡೆಯ ಹಿರಿಯ ಸದಸ್ಯರೊಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಎರಡು ಸಲ ಅಲ್ಲಿಗೆ ಹೋಗಿಬಂದವನಾದ್ದರಿಂದ ಉತ್ತರ ಹೇಳುವುದು ನನ್ನ ಪಾಲಿಗೆ ಬಂದಿದೆ.

ಅಲ್ಲಿ ನೋಡಬೇಕಾದದ್ದು ತೋಟಕ್ಕಿಂತ ಹೆಚ್ಚಾಗಿ ಸೋಲಿಗರನ್ನು. ಕರ್ನಾಟಕದಲ್ಲಿ ಇವರ ಸಂಖ್ಯೆ 30 ಸಾವಿರಕ್ಕೂ ಹೆಚ್ಚು. ಆಡುವ ನುಡಿ ಕನ್ನಡಕ್ಕೆ ತೀರ ಹತ್ತಿರವಾದದ್ದು. ಕಿವಿಗೊಟ್ಟು ಕೇಳಿದರೆ ಅರ್ಧದಷ್ಟು ನಮಗೂ ತಿಳಿಯುತ್ತದೆ. ಇವರ ಹಟ್ಟಿಗೆ ಪೋಡು ಎಂದು ಹೆಸರು. ಬೆಟ್ಟದ ರಂಗನಾಥಸ್ವಾಮಿ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದನೆಂದು ಕಥೆ ಇರುವುದರಿಂದ ದೇವರು ಇವರಿಗೆ ಭಾವ. ಭಾವನ ಸಲಿಗೆಯಲ್ಲೇ ಆತನನ್ನು ಕುರಿತು ಹಾಡುತ್ತಾರೆ.

ಸೋಲಿಗರೊಬ್ಬರ ಹಿಂದೆ ನಡೆದರೆ ಕಾಡು ಬೇರೆಯೇ ಆಗಿ ಕಾಣುತ್ತದೆ. ನಮಗೆ ಬರಿಯ ಬಂಡೆ ಎನಿಸಿದ್ದು ಅವರಿಗೆ ಹೆಜ್ಜೇನು ಕಟ್ಟುವ ಜಾಗ, ಅದಕ್ಕೊಂದು ಹೆಸರು. ತೊರೆಗೆ, ದಿಣ್ಣೆಗೆ, ಮರಕ್ಕೆ ಎಲ್ಲಕ್ಕೂ ದೇವರುಂಟು, ಕುಲವುಂಟು. ಇಂಥ ನಾನೂರಕ್ಕೂ ಹೆಚ್ಚು ಪವಿತ್ರ ತಾಣಗಳನ್ನು ಅವರೇ ಸಂಶೋಧಕರ ಜೊತೆ ಸುತ್ತಾಡಿ ನಕ್ಷೆಗೆ ಇಳಿಸಿದ್ದಾರೆ. ಭಾರ್ಗವಿ ಹೊಳೆಯ ದಂಡೆಯ ದೊಡ್ಡ ಸಂಪಿಗೆ ಮರ ಇವುಗಳಲ್ಲಿ ಮುಖ್ಯವಾದದ್ದು. ಅದರ ಮುಂದೆ ನಿಂತಾಗ ನನಗೆ ಸವಣೂರಿನ ದೊಡ್ಡಹುಣಸೆಮರಗಳ ನೆನಪಾಯಿತು. 2023ರ ಮಳೆಯಲ್ಲಿ ಅವುಗಳಲ್ಲೊಂದು ಉರುಳಿದಾಗ ಜನ ಮರುಗಿದ್ದನ್ನೂ, ಅದನ್ನು ಮತ್ತೆ ಎತ್ತಿ ನೆಟ್ಟದ್ದನ್ನೂ ಓದುಗರು ಬಲ್ಲರು. ಆ ಮರುಕವನ್ನು ಒಂದು ಕಾಡಿಗೆ ಹರಡಿದರೆ ಸೋಲಿಗರ ಮನಸ್ಸು ಅರ್ಥವಾದೀತು.

ಅವರು ಹೇಳುವ ಮಾತುಗಳಲ್ಲಿ ನಮ್ಮಂಥ ಬೆಳೆಗಾರರು ಗಮನಿಸಬೇಕಾದದ್ದು ತರಗು ಬೆಂಕಿಯ ವಿಚಾರ. ಹಿಂದೆ ಬೇಸಿಗೆ ಬಲಿಯುವ ಮುಂಚೆಯೇ ಉದುರಿದ ಎಲೆಗೆ ಸಣ್ಣ ಬೆಂಕಿ ಹಾಕುತ್ತಿದ್ದರು. ನೆಲದ ಮೇಲೆ ಹರಿದು ಹೋಗುವ ಬೆಂಕಿ. ಮರದ ತಲೆಗೆ ಏರುತ್ತಿರಲಿಲ್ಲ. ಇದರಿಂದ ಲಂಟಾನದ ಎಳೆ ಗಿಡ ಸುಟ್ಟುಹೋಗುತ್ತಿತ್ತು, ನೆಲ್ಲಿಮರದ ಬದನಿಕೆ ಹತೋಟಿಯಲ್ಲಿರುತ್ತಿತ್ತು ಎಂಬುದು ಅವರ ಅನುಭವ. ನಮ್ಮ ಮಾವಿನ ಮರದ ರಸ ಹೀರುವ ಬದನಿಕೆಯ ಜಾತಿಯದೇ ಅದು. ಅವರು ಉಪ್ಪಿಲು ಎನ್ನುತ್ತಾರೆ. 1974ರಲ್ಲಿ ಬೆಟ್ಟ ವನ್ಯಜೀವಿಧಾಮವಾಯಿತು. ಕುಮರಿ ಬೇಸಾಯ ನಿಂತಿತು, ಅನೇಕ ಪೋಡುಗಳು ರಸ್ತೆಯಂಚಿಗೆ ಬಂದವು, ಬೆಂಕಿಯೂ ನಿಂತಿತು. ಇಂದು ಆ ಕಾಡಿನಲ್ಲಿ ಲಂಟಾನ ಆಳೆತ್ತರ ಬೆಳೆದಿದೆ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಸೋಲಿಗರ ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡು ಅಭ್ಯಾಸ ಮಾಡಿದ್ದಾರೆ, ಅವರಲ್ಲೊಬ್ಬರಾದ ಡಾ. ಸಿ. ಮಾದೇಗೌಡರು ಸ್ವತಃ ಸೋಲಿಗರು. ಲಂಟಾನ ಹಬ್ಬಲು ಇದೊಂದೇ ಕಾರಣವೆಂದು ನಾನು ಹೇಳಲಾರೆ. ಆದರೆ ಬೆಂಕಿಯೆಂದರೆ ಎಲ್ಲವೂ ಕೆಟ್ಟದ್ದು ಎಂದು ಕಲಿತು ಬಂದ ನನ್ನಂಥ ಪದವೀಧರನಿಗೆ ಇದು ಹೊಸ ಪಾಠ. (ಇದನ್ನು ಓದಿ ಯಾರೂ ತಮ್ಮ ತೋಟದ ತರಗಿಗೆ ಕಡ್ಡಿ ಗೀರಬಾರದು! ಅಡಿಕೆ ಬುಡಕ್ಕೆ ಆ ಮುಚ್ಚಿಗೆ ಬೇಕೇ ಬೇಕು.)

ಸಹಕಾರಿಗಳಾದ ನಮಗೆ ಇನ್ನೊಂದು ಸಂಗತಿ ಮುಖ್ಯ. ಜೇನು, ನೆಲ್ಲಿ, ಸೀಗೆ, ಅಂಟುವಾಳಗಳನ್ನು ಸೋಲಿಗರು ಲ್ಯಾಂಪ್ಸ್ ಎಂಬ ಗಿರಿಜನ ಸಹಕಾರ ಸಂಘಗಳ ಮೂಲಕ ಮಾರುತ್ತಿದ್ದರು. ವನ್ಯಜೀವಿ ಕಾಯಿದೆಗೆ 2002ರಲ್ಲಿ ತಿದ್ದುಪಡಿಯಾದ ಮೇಲೆ ಅಭಯಾರಣ್ಯದಿಂದ ಮಾರಾಟಕ್ಕಾಗಿ ಏನನ್ನೂ ತರುವಂತಿಲ್ಲವೆಂದಾಯಿತು. ಒಂದು ಸಂಘಕ್ಕೆ ಬರುವ ಮಾಲೇ ನಿಂತುಹೋದರೆ ಸದಸ್ಯರ ಗತಿ ಏನೆಂಬುದನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. ಮುಂದೆ 2006ರ ಅರಣ್ಯ ಹಕ್ಕು ಕಾಯಿದೆ ಬಂತು. ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದ 2011ನೇ ವರ್ಷವೇ, ಅಕ್ಟೋಬರ್ 2ರಂದು, ಅಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ದೊರೆಯಿತು. ಹುಲಿ ಇರುವ ಕಾಡಿನಲ್ಲೇ ಜನರ ಹಕ್ಕನ್ನು ಮಾನ್ಯ ಮಾಡಿದ್ದು ಸಣ್ಣ ವಿಷಯವಲ್ಲ.

ಈ ಹಕ್ಕಿಗೂ ಪ್ರವಾಸಿಗರಿಗೂ ಏನು ಸಂಬಂಧ? ಬಹಳ ಇದೆ. ಜೇನು ಕೊಯ್ಯಲು ಹೋಗದ ಹುಡುಗನಿಗೆ ಬಂಡೆಯ ಹೆಸರು ಯಾರು ಹೇಳಿಕೊಡಬೇಕು? ಗೊರುಕನ ಕುಣಿತವನ್ನು ವೇದಿಕೆಯ ಮೇಲೆ ಹತ್ತು ನಿಮಿಷ ಆಡಿಸಬಹುದು. ಆದರೆ ರಾಗಿ ಕೊಯ್ಲಾದ ಮೇಲೆ ಪೋಡಿನವರೆಲ್ಲ ಸೇರುವ ರೊಟ್ಟಿಹಬ್ಬದಲ್ಲಿ ಅದು ರಾತ್ರಿಯಿಡೀ ನಡೆಯುವ ಬಗೆಯೇ ಬೇರೆ. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ನಲ್ಲಿ ನಮ್ಮ ಹಳ್ಳಿಯ ಬದುಕನ್ನು ಶಿಲ್ಪಗಳಲ್ಲಿ ಸೊಗಸಾಗಿ ನಿಲ್ಲಿಸಿದ್ದಾರೆ. ನಾನೂ ಮೊಮ್ಮಕ್ಕಳನ್ನು ಕರೆದೊಯ್ದು ತೋರಿಸಿದ್ದೇನೆ. ಬದುಕಿರುವ ಜನ ಹಾಗೆ ಪ್ರತಿಮೆಗಳಂತೆ ನಿಲ್ಲಬಾರದಷ್ಟೆ.

ದೂರದ ತೈವಾನ್ ದ್ವೀಪದಲ್ಲಿಯೂ ಇಂಥದೇ ಕಥೆಯಿದೆ. ಅಲ್ಲಿಯೂ ಅಡಿಕೆ ಬೆಳೆಯುತ್ತಾರೆ, ಹಸಿಯಾಗಿಯೇ ಅಗಿಯುತ್ತಾರೆ. ತೈತುಂಗ್ ಸೀಮೆಯ ಲುವಾನ್‌ಶಾನ್ ಊರಿನ ಬುನುನ್ ಬುಡಕಟ್ಟಿನವರು ಆಲದ ಜಾತಿಯ ಮರಗಳ ಒಂದು ಕಾಡನ್ನು ಹೊರಗಿನವರ ಪಾಲಾಗದಂತೆ ಉಳಿಸಿಕೊಂಡು, ಅದಕ್ಕೆ ‘ಕಾಡಿನ ಸಂಗ್ರಹಾಲಯ’ವೆಂದು ಹೆಸರಿಟ್ಟು, ಬಂದವರನ್ನು ತಾವೇ ಮುಂದೆ ನಿಂತು ಕರೆದೊಯ್ಯುತ್ತಾರೆ. ನೆಲ ಕೈಯಲ್ಲಿದ್ದುದರಿಂದಲೇ ಅವರಿಗೆ ಅದು ಸಾಧ್ಯವಾಯಿತು.

ಇನ್ನು ಕಾಫಿ. ಸೋಲಿಗರ ಕಾಫಿ ತುಣುಕು ತುಣುಕು ಜಮೀನಿನದು, ಕಾಡುಮರಗಳ ನೆರಳಿನದು. ಇಳುವರಿ ನೋಡಿದರೆ ನಮ್ಮವರು ಮೂಗು ಮುರಿದಾರು. ಆದರೆ ಬೆಂಗಳೂರಿನ ಬ್ಲ್ಯಾಕ್ ಬಾಜಾ ಕಂಪನಿ ಈ ನೆರಳಿನ ಹೆಸರು ಹೇಳಿಯೇ ಅದನ್ನು ಮಾರುತ್ತಿದೆ. ನೆರಳಿನ ಮರ ಕಡಿದು ಸಿಲ್ವರ್ ಓಕ್ ಒಂದನ್ನೇ ನಿಲ್ಲಿಸುವ ಮುಂಚೆ ಅಲ್ಲಿ ಕುಳಿತು ಒಂದು ಲೋಟ ಕಾಫಿ ಕುಡಿಯುವುದು ಒಳ್ಳೆಯದು.

ಅಷ್ಟು ದೂರ ಹೋಗುವ ನಾವು ಹತ್ತಿರದವರನ್ನು ಮರೆಯುತ್ತೇವೆ ಎಂಬ ಅಳುಕೂ ನನಗುಂಟು. ನಮ್ಮ ಗಡಿಗೆ ಅಂಟಿದ ಮುಂಡಗೋಡ, ಅದರಾಚೆಯ ಯಲ್ಲಾಪುರದ ಕಾಡುಗಳಲ್ಲಿ ಸಿದ್ದಿಗಳಿದ್ದಾರೆ. ಆಫ್ರಿಕಾ ಮೂಲದ ಈ ಜನ ಆ ಭಾಗದ ಅಡಿಕೆ ತೋಟಗಳಲ್ಲಿ ತಲೆಮಾರುಗಳಿಂದ ದುಡಿದವರು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ್ದು 2003ರಲ್ಲಷ್ಟೆ. ಅವರ ಡಮಾಮಿ ಕುಣಿತವನ್ನು ನಾವು ಸಭೆ ಸಮಾರಂಭಗಳಲ್ಲಿ ನೋಡಿ ಚಪ್ಪಾಳೆ ತಟ್ಟಿದ್ದೇವೆ. ಅವರ ಅಂಗಳಕ್ಕೆ ಹೋಗಿ ಕೂತವರು ನಮ್ಮಲ್ಲಿ ಎಷ್ಟು ಜನ? ನಾನಂತೂ ಹೋದವನಲ್ಲ. ಬೆಟ್ಟದಿಂದ ಬಂದ ಮೇಲೆ ಒಂದು ಭಾನುವಾರ ಅತ್ತ ಹೋಗುವ ವಿಚಾರವಿದೆ.

ಬಿಳಿಗಿರಿಗೆ ಬರಲು ಇಚ್ಛಿಸುವ ಸದಸ್ಯರು ಕಚೇರಿಯಲ್ಲಿ ಹೆಸರು ಬರೆಸಬೇಕು. ದಾರಿ ತೋರಿಸುವವರ ಕೂಲಿಯನ್ನು ಅವರ ಕೈಗೇ ಕೊಡುವುದು. ಪೋಡಿನೊಳಗೆ ಕೇಳದೆ ಫೋಟೋ ತೆಗೆಯುವುದು ಬೇಡ. ದೊಡ್ಡ ಸಂಪಿಗೆಯ ಹತ್ತಿರ ಚಪ್ಪಲಿ ಹೊರಗೆ ಬಿಡತಕ್ಕದ್ದು. ಜೇನುತುಪ್ಪ ಬೇಕಾದವರು ಮನೆಯಿಂದಲೇ ಬಾಟಲಿ ತರುವುದು.