ಶೇ 54ರ ಗೆಲುವು

ಸೆಮಿಸ್ಟರ್ ಫಲಿತಾಂಶ ಬಂದಾಗ ನಾನು ಪುಲಿಕೇಶಿನಗರದ ಕೋಲ್ಸ್ ಪಾರ್ಕಿನ ಬೆಂಚಿನ ಮೇಲೆ ಕೂತಿದ್ದೆ. ಗಣಿತದಲ್ಲಿ ಫೇಲ್. ಅದೂ ಸಂಭವನೀಯತೆಯ ಪಾಠಗಳಿದ್ದ ಪೇಪರ್! ಅದೇ ವಾರ ಇಂಟರ್ನ್‌ಶಿಪ್ ಸಂದರ್ಶನ. ಮೊದಲ ಪ್ರಶ್ನೆಗೆ ತಡವರಿಸಿದೆ. ಆಮೇಲೆ ಗೊತ್ತಿದ್ದ ಉತ್ತರಗಳೂ ಬಾಯಿಗೆ ಬರಲಿಲ್ಲ.

ಆ ದಿನಗಳಲ್ಲೇ, 2024ರಲ್ಲಿ ಡಾರ್ಟ್‌ಮೌತ್ ಕಾಲೇಜಿನ ಪದವಿ ಪ್ರದಾನ ಸಮಾರಂಭದಲ್ಲಿ ರೋಜರ್ ಫೆಡರರ್ ಮಾಡಿದ ಭಾಷಣ ಕೇಳಿದೆ. ಆಡಿದ 1526 ಸಿಂಗಲ್ಸ್ ಪಂದ್ಯಗಳಲ್ಲಿ ಸುಮಾರು ಶೇ 80ರಷ್ಟನ್ನು ಗೆದ್ದ ಅವರು, ಪಾಯಿಂಟ್‌ಗಳ ಪೈಕಿ ಗೆದ್ದದ್ದು ಶೇ 54 ಮಾತ್ರವಂತೆ. ಅಂದರೆ ಹೆಚ್ಚುಕಮ್ಮಿ ಅರ್ಧದಷ್ಟು ಸೋಲು!

ಮರುಪರೀಕ್ಷೆಗೆ ಓದುತ್ತಾ ನಾನೇ ಲೆಕ್ಕ ಹಾಕಿದೆ. ಸರ್ವ್ ಯಾರದೆಂಬುದನ್ನು ಬದಿಗಿಟ್ಟು, ಪ್ರತಿ ಪಾಯಿಂಟ್ ಗೆಲ್ಲುವ ಸಾಧ್ಯತೆ ಶೇ 54 ಎಂದುಕೊಳ್ಳಿ. ಒಂದು ಗೇಮ್ ಗೆಲ್ಲುವ ಸಾಧ್ಯತೆ ಸುಮಾರು ಶೇ 60 ಆಗುತ್ತದೆ. ಸೆಟ್‌ಗೆ ಶೇ 76, ಮೂರು ಸೆಟ್‌ಗಳ ಪಂದ್ಯಕ್ಕೆ ಶೇ 86. ಸಣ್ಣ ಮೇಲುಗೈ, ಆದರೆ ಮತ್ತೆ ಮತ್ತೆ ಆಡಿದಾಗ ದೊಡ್ಡ ಗೆಲುವು.

ಈ ಲೆಕ್ಕಕ್ಕೊಂದು ಷರತ್ತಿದೆ. ಕಳೆದುಕೊಂಡ ಪಾಯಿಂಟ್ ಮುಂದಿನದನ್ನು ಮುಟ್ಟಬಾರದು. ನಾಣ್ಯಕ್ಕೆ ನೆನಪಿಲ್ಲ, ನಮಗಿದೆ. ಒತ್ತಡವೆಂದರೆ ಇದೇ. ನನ್ನ ಸಂದರ್ಶನದಲ್ಲಿ ಮೊದಲ ಪ್ರಶ್ನೆಯೇ ಉಳಿದವನ್ನೂ ನುಂಗಿತ್ತು.

ನಮ್ಮ ಕೊಡಗಿನ ರೋಹನ್ ಬೋಪಣ್ಣ ಅವರನ್ನೇ ನೋಡಿ. 2010ರ ಅಮೆರಿಕ ಓಪನ್ ಡಬಲ್ಸ್ ಫೈನಲ್‌ನಲ್ಲಿ ಅವರ ಜೋಡಿ ಎರಡೂ ಸೆಟ್‌ಗಳನ್ನು ಟೈಬ್ರೇಕರ್‌ನಲ್ಲಿ ಸೋತಿತು. 2017ರ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಫೈನಲ್‌ನಲ್ಲಿ ಎರಡು ಮ್ಯಾಚ್ ಪಾಯಿಂಟ್ ಉಳಿಸಿಕೊಂಡು ಗೆದ್ದಿತು. ಆ ಎರಡರಲ್ಲಿ ಒಂದು ಕೈತಪ್ಪಿದ್ದರೂ ಕಪ್ ಎದುರಾಳಿಗಳ ಪಾಲು. 2024ರ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಫೈನಲ್‌ನಲ್ಲಿ ಮತ್ತೆ ಟೈಬ್ರೇಕರ್. ಈ ಸಲ 7–0! ಆಗ ಬೋಪಣ್ಣ ಅವರಿಗೆ 43 ವರ್ಷ.

ಬೇಸ್‌ಬಾಲ್ ಇನ್ನೂ ನಿರ್ದಯಿ. ಬಲವಾಗಿ ಬಾರಿಸಿದ ಚೆಂಡು ನೇರ ಫೀಲ್ಡರ್ ಕೈಗೆ ಹೋದರೆ ಔಟ್. ಹತ್ತರಲ್ಲಿ ಮೂರು ಸಲ ಹಿಟ್ ಮಾಡಿದವರೇ ಅಲ್ಲಿ ಉತ್ತಮ ಬ್ಯಾಟರ್. 1941ರಲ್ಲಿ ಟೆಡ್ ವಿಲಿಯಮ್ಸ್ ಗಳಿಸಿದ 0.406 ಸರಾಸರಿಯನ್ನು ಇಂದಿಗೂ ಕೊಂಡಾಡುತ್ತಾರೆ. ಅದರಲ್ಲೂ ಹತ್ತಕ್ಕೆ ಆರು ಸಲ ವೈಫಲ್ಯವೇ.

ಹಾಗಂತ 'ಸೋತರೇನು, ಆಡ್ತಾ ಇರು' ಎನ್ನುವುದು ಎಲ್ಲರಿಗೂ ಸುಲಭವಲ್ಲ. ಮನೆ ಬಾಡಿಗೆ, ಶಿಕ್ಷಣ ಸಾಲ ಕಾಯುವುದಿಲ್ಲ. ಎಲ್ಲರಿಗೂ ಅಷ್ಟೇ ಪಾಯಿಂಟ್‌ಗಳನ್ನು ಆಡುವ ಅವಕಾಶವೂ ಸಿಗುವುದಿಲ್ಲ. ಅದೃಷ್ಟ ನಮ್ಮ ಕೈಲಿಲ್ಲ. ಹೋದ ಪಾಯಿಂಟನ್ನು ಅಲ್ಲೇ ಬಿಡುವುದು ಮಾತ್ರ ಸ್ವಲ್ಪ ನಮ್ಮ ಕೈಲಿದೆ, ಅದಕ್ಕೂ ಅಭ್ಯಾಸ ಬೇಕು.

ಕಳೆದ ತಿಂಗಳು ಇನ್ನೊಂದು ಸಂದರ್ಶನ. ಮೊದಲ ಪ್ರಶ್ನೆಗೆ 'ಗೊತ್ತಿಲ್ಲ ಸರ್' ಎಂದೆ. ಒಂದು ಗುಟುಕು ನೀರು ಕುಡಿದು ಎರಡನೆಯದಕ್ಕೆ ಉತ್ತರಿಸಿದೆ, ಮೂರನೆಯದಕ್ಕೂ. ಆಯ್ಕೆಯಾಗಲಿಲ್ಲ. ಆದರೆ ಕೊನೆಯ ಸುತ್ತಿನವರೆಗೂ ಹೋದೆ. 'ಮುಂದಿನದು ಯಾವಾಗ?' ಎಂದು ಅಮ್ಮ ಕೇಳಿದರು. ಸೋಮವಾರ ಎಂದೆ.