ಬರದ ಸೀಮೆಯಲ್ಲೊಂದು ನೀರಂಜಿ!

ವಿಲೋ ಎಂದೊಡನೆ ಕಾಶ್ಮೀರ, ಕ್ರಿಕೆಟ್ ಬ್ಯಾಟು ನೆನಪಾಗುತ್ತವೆ, ಅಲ್ಲವೇ? ಆದರೆ ಅದರ ಖಾಸಾ ದಾಯಾದಿಯೊಂದು ನಮ್ಮ ಕೊಡಗು, ಮಲೆನಾಡಿನ ಹೊಳೆದಂಡೆಗಳಲ್ಲೇ ನಿಂತಿದೆ! ಹೆಸರು ನೀರಂಜಿ. ಸುಮಾರು 400 ಬಗೆಯ ವಿಲೋಗಳಲ್ಲಿ ಹೆಚ್ಚಿನವು ಚಳಿನಾಡಿನವು. ನೀರಂಜಿ ಮಾತ್ರ ಬಿಸಿಲಿಗೆ ಅಂಜದೆ ದಕ್ಷಿಣದಲ್ಲೂ ಬೇರೂರಿದೆ. ಇದನ್ನು ವಿಜ್ಞಾನಲೋಕಕ್ಕೆ ಪರಿಚಯಿಸಿದ ವಿಲಿಯಂ ರಾಕ್ಸ್‌ಬರ್ಗ್ 18ನೇ ಶತಮಾನದಲ್ಲಿ ತೋಟ ಮಾಡಿಕೊಂಡಿದ್ದದ್ದು ಆಂಧ್ರದ ಸಾಮರ್ಲಕೋಟದಲ್ಲಿ!

ಸರಿ, ವರ್ಷಕ್ಕೆ ಹೆಚ್ಚುಕಮ್ಮಿ 550 ಮಿ.ಮೀ. ಮಳೆ ಕಾಣುವ ಅನಂತಪುರ ಸೀಮೆಯಲ್ಲಿ, ರಾಯದುರ್ಗದ ಅಥವಾ ಮಡಕಶಿರಾದ ಹಿತ್ತಲಿನಲ್ಲಿ ಇದು ಬದುಕೀತೇ?

ಮೊದಲು ಈ ಮರದ ಸ್ವಭಾವ ಕೇಳಿ. ಬ್ರಸೆಲ್ಸ್‌ನ ವಿಜ್ಞಾನಿ ವಾನ್ ಹೆಲ್ಮಾಂಟ್ 200 ಪೌಂಡ್ ಒಣಮಣ್ಣಿನಲ್ಲಿ 5 ಪೌಂಡಿನ ವಿಲೋ ಸಸಿ ನೆಟ್ಟ. 5 ವರ್ಷ ನೀರು ಬಿಟ್ಟರೆ ಬೇರೇನೂ ಕೊಡಲಿಲ್ಲ. ಮರ 169 ಪೌಂಡಿಗೆ ಏರಿತ್ತು, ಮಣ್ಣಿನಲ್ಲಿ ಕಡಿಮೆಯಾದದ್ದು ಬರೀ ಎರಡು ಔನ್ಸು! ನೀರೇ ಮರವಾಯಿತು ಎಂದುಕೊಂಡ ಆತ. 1648ರಲ್ಲಿ ಅಚ್ಚಾದ ಆ ಲೆಕ್ಕದಲ್ಲಿ ಗಾಳಿಯ ಪಾಲೊಂದು ಬಿಟ್ಟುಹೋಗಿತ್ತು, ಅಷ್ಟೆ.

ಇನ್ನು ಬೆರಳುಗಾತ್ರದ ಕಡ್ಡಿಯೊಂದನ್ನು ನೀರಿನ ಲೋಟದಲ್ಲಿಟ್ಟು ನೋಡಿ. ಕೆಲವೇ ದಿನಗಳಲ್ಲಿ ತೊಗಟೆಯ ಮೇಲೆ ಬಿಳಿ ಗುಳ್ಳೆಗಳು ಏಳುತ್ತವೆ, ಒಡೆಯುತ್ತವೆ, ಬೇರಿನ ಮೊನೆ ಇಣುಕುತ್ತದೆ. ಕತ್ತರಿಸಿದ ತುದಿಯಲ್ಲಷ್ಟೇ ಅಲ್ಲ, ನೀರು ಮುಟ್ಟಿದಷ್ಟು ಉದ್ದಕ್ಕೂ! ಬೇರಿನ ಮೊಳಕೆಗಳು ಮೊದಲೇ ತಯಾರಾಗಿ ಕಾಂಡದೊಳಗೆ ಮಲಗಿರುತ್ತವೆ. ತೇವ ತಾಕಿದ್ದೇ ತಡ, ಎದ್ದು ಹೊರಡುತ್ತವೆ. ಹಿಪ್ಪುನೇರಳೆ ಕಡ್ಡಿ ಊರಿ ರೇಷ್ಮೆ ಬೆಳೆಯುವ ಮಡಕಶಿರಾದ ರೈತರಿಗೆ ಈ ಕೆಲಸ ಹೊಸದೇನಲ್ಲ.

ಮುಂಗಾರು ಹಿಡಿದಾಗ ಒಂದೂವರೆ ಅಡಿಯ ಕಡ್ಡಿ ಕತ್ತರಿಸಿ, ಕಣ್ಣುಗಳು ಮೇಲ್ಮುಖವಾಗಿರುವಂತೆ ಮುಕ್ಕಾಲು ಭಾಗ ಹೂಳಿ. ಬುಡದ ಸುತ್ತ ಶೇಂಗಾ ಸಿಪ್ಪೆ ಹರಡಿ. ಈ ಸೀಮೆಯಲ್ಲಿ ಅದಕ್ಕೇನು ಬರವೇ! ಮೊದಲ ಎರಡು ಬೇಸಿಗೆ ಮಣ್ಣು ಒಣಗಲು ಬಿಡಬೇಡಿ. ಚಿಗುರು ಬರುವ ಮೊದಲು ಅಡ್ಡಾದಿಡ್ಡಿ ಕೊಂಬೆಗಳನ್ನು ಸವರಿ. ಗಂಡು ಹೆಣ್ಣು ಬೇರೆಬೇರೆ ಮರಗಳು, ಅರಳೆಯಂಥ ಬೀಜ ಹಾರುವುದು ಹೆಣ್ಣಿನಿಂದ. ಅಂಗಳದಲ್ಲಿ ಅದು ಬೇಡವೆಂದರೆ ಗಂಡುಮರದ ಕಡ್ಡಿಯನ್ನೇ ತನ್ನಿ. ನೀರು ಹುಡುಕುತ್ತ ಹೊರಡುವ ಬೇರು ಪೈಪಿನ ಸಂದಿಗೂ ನುಗ್ಗುತ್ತದೆ. ಬಾವಿ, ಮೋರಿ, ಸಂಪುಗಳಿಂದ ದೂರವಿಡಿ.

ಹಾಗಾದರೆ ಎಲ್ಲಿ ನೆಡುವುದು? ಬೋರ್‌ವೆಲ್ ನೀರು ಹಾಯಿಸಿಯೇ ಸಾಕಬೇಕೆಂದರೆ ಈ ಸಾಹಸ ಬೇಡವೇ ಬೇಡ. ಕುಡಿದ ನೀರಿನ ಬಹುಪಾಲನ್ನು ಎಲೆಗಳಿಂದ ಆವಿಯಾಗಿಸುವ ಮರವಿದು. ನೆರಳಿಗೆ ಹೊಂಗೆ, ಬೇವು ಇದ್ದೇ ಇವೆ. ಆದರೆ ಬಚ್ಚಲ ನೀರು ದಿನವೂ ಸುಮ್ಮನೆ ಇಂಗಿಹೋಗುವ ಮೂಲೆಯಿದೆಯೇ? ತೋಟದ ತಗ್ಗಿನಲ್ಲಿ ಬೇಸಿಗೆಯಲ್ಲೂ ಜೌಗು ಉಳಿಯುತ್ತದೆಯೇ? ಅಲ್ಲೊಂದು ಕಡ್ಡಿ ಊರಿ. ಬದುಕುತ್ತದೋ ಇಲ್ಲವೋ ಎಂಬುದನ್ನು ಮಳೆ ಹೇಳುವುದಿಲ್ಲ, ಆ ಮೂಲೆಯೇ ಹೇಳುತ್ತದೆ!